ಅಭ್ಯಾಸಕ್ಕೂ ಒಂದು ಖಾತೆ: ಆಟದ ನಿಯಮಗಳಿಂದ ಸ್ವಯಂ ಸುಧಾರಣೆ

ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆಂದು ಮನೆಯ ಹಿರಿಯರು ಪರಮಪದ ಸೋಪಾನದ ಪಟವನ್ನು ಹಾಸಿಕೊಂಡು ಕುಳಿತಿರುತ್ತಿದ್ದ ದೃಶ್ಯವನ್ನು ನನ್ನ ವಯಸ್ಸಿನ ಅನೇಕರು ಬಾಲ್ಯದಲ್ಲಿ ಕಂಡಿರಬಹುದು. ಆ ಪಟದಲ್ಲಿ ಏಣಿಗಳು ಸದ್ಗುಣಗಳು, ಹಾವುಗಳು ದುರ್ಗುಣಗಳು. ಗುಣದ ಮನೆಗೆ ಬಂದ ಕಾಯಿ ಮೇಲಕ್ಕೇರುತ್ತದೆ. ಅವಗುಣದ ಮನೆಗೆ ಬಂದದ್ದು ಕೆಳಕ್ಕೆ ಜಾರುತ್ತದೆ. ತುದಿಯ ಮನೆಯೇ ಪರಮಪದ. ಈ ಬಗೆಯ ಭಾರತೀಯ ಆಟವೇ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿಗೆ ಹೋಗಿ, ಮಕ್ಕಳ ಹಾವು-ಏಣಿ ಆಟವಾಗಿ ಲೋಕವನ್ನೆಲ್ಲ ಸುತ್ತಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂತಹ ಆಟಗಳಲ್ಲಿ ಎಷ್ಟು ಆಸಕ್ತಿ ತಳೆದಿದ್ದರೆಂದರೆ, ತಮ್ಮ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟರು.

ಒಳ್ಳೆಯ ನಡತೆಯನ್ನು ಬರಿಯ ಬೋಧನೆಯಿಂದಲ್ಲದೆ ಆಟದ ಮೂಲಕವೂ ಮನಸ್ಸಿಗೆ ಇಳಿಸಬಹುದೆಂಬ ವಿಚಾರ ನಮಗೆ ಹೊಸದಲ್ಲ. ರಾಮಕೋಟಿ ಬರೆಯುವವರ ಪುಸ್ತಕದ ಚೌಕಗಳನ್ನು ನೋಡಿ. ನಲವತ್ತೆಂಟು ದಿನಗಳ ಮಂಡಲ ವ್ರತವನ್ನು ನೋಡಿ. ಎಣಿಕೆ, ಗೊತ್ತಾದ ಅವಧಿ, ಕಣ್ಣಿಗೆ ಕಾಣುವ ಮುನ್ನಡೆ ಈ ಮೂರೂ ಅವುಗಳಲ್ಲಿವೆ. ಇಂದು ಮೊಬೈಲ್ ಫೋನಿನಲ್ಲಿ ಭಾಷೆ ಕಲಿಸುವ, ನಡಿಗೆ ಎಣಿಸುವ, ನೀರು ಕುಡಿಯಲು ನೆನಪಿಸುವ ಆ್ಯಪ್‌ಗಳು ಅಂಕ, ಪದಕ, ಹಂತ ಹಾಗೂ ಸತತ ದಿನಗಳ ಸರಣಿ ಎಂದು ಮಾಡುತ್ತಿರುವುದೂ ಇದನ್ನೇ. ಇದಕ್ಕೆ ‘ಗೇಮಿಫಿಕೇಶನ್’ ಎಂಬ ಹೆಸರು 2002ರ ಸುಮಾರಿಗೆ ಹುಟ್ಟಿ, 2010ರ ನಂತರ ವ್ಯಾಪಕವಾಗಿ ಬಳಕೆಗೆ ಬಂತು. ಅಭ್ಯಾಸಗಳನ್ನೇ ಆಟವಾಗಿಸುವ ‘ಹ್ಯಾಬಿಟಿಕಾ’ ಎಂಬ ಆ್ಯಪ್ 2013ರಲ್ಲಿ ಬೇರೊಂದು ಹೆಸರಿನಲ್ಲಿ ಆರಂಭವಾಯಿತು. 2012ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ‘ಡ್ಯುಯೊಲಿಂಗೊ’ದಲ್ಲಿ ತಮ್ಮ ಸತತ ದಿನಗಳ ಸರಣಿ ಕಡಿಯಬಾರದೆಂದು ಮಧ್ಯರಾತ್ರಿಯ ಹೊತ್ತಿಗೆ ಪಾಠ ಮುಗಿಸುವವರು ನಮ್ಮ ಮನೆಗಳಲ್ಲೇ ಇದ್ದಾರೆ.

ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಇದರಿಂದ ಏನು ಪ್ರಯೋಜನವೆಂಬ ಪ್ರಶ್ನೆ ಸಹಜ. ಕಳೆದ ಮೂರು ದಶಕಗಳಲ್ಲಿ ನಾನು ಕಂಡಂತೆ, ಸಣ್ಣ ವ್ಯವಹಾರಗಳು ಸೊರಗುವುದು ದೊಡ್ಡ ತಪ್ಪು ನಿರ್ಧಾರಗಳಿಂದ ಮಾತ್ರವಲ್ಲ. ದಿನದ ನಗದು ತಾಳೆ ನೋಡದಿರುವುದು, ಉದ್ರಿಯನ್ನು ಬರೆದಿಡದಿರುವುದು, ಬಾಕಿದಾರರಿಗೆ ಫೋನ್ ಮಾಡಲು ನಾಳೆ ನಾಳೆ ಎನ್ನುವುದು ಮುಂತಾದ ಚಿಕ್ಕ ಅಭ್ಯಾಸಗಳ ಕೊರತೆಯೇ ಹೆಚ್ಚಿನ ಹಾನಿ ಮಾಡುತ್ತದೆ. ಇಂತಹ ಅಭ್ಯಾಸಗಳನ್ನು ಬೆಳೆಸಿಕೊಳ್ಳಲು ಆಟದ ನಿಯಮಗಳು ನಿಜಕ್ಕೂ ನೆರವಾಗಬಲ್ಲವು. ಆದರೆ ಅವನ್ನು ಬಳಸುವ ರೀತಿ ತಪ್ಪಿದರೆ ಲೆಕ್ಕವೇ ಸುಳ್ಳಾಗುತ್ತದೆ. ಇದನ್ನು ನಾನು ಓದಿ ತಿಳಿದದ್ದಲ್ಲ, ಕೈ ಸುಟ್ಟುಕೊಂಡು ಕಲಿತದ್ದು. ಆ ಸಂಗತಿಗೆ ಬರುವ ಮೊದಲು ಈ ವಿದ್ಯೆಯ ಒಬ್ಬ ಹಿರಿಯನನ್ನು ಪರಿಚಯಿಸುತ್ತೇನೆ. ಆತನೂ ನಮ್ಮಂತೆ ವ್ಯಾಪಾರಸ್ಥನೇ.

ಒಬ್ಬ ಮುದ್ರಕನ ಚಿಕ್ಕ ಪುಸ್ತಕ

ಪರಮಪದದ ಪಟದಲ್ಲಿ ಒಂದು ಕೊರತೆಯಿದೆ. ಅಲ್ಲಿ ಕಾಯಿ ನಡೆಯುವುದು ದಾಳದ ಇಚ್ಛೆಯಂತೆ. ಆಡುವವನ ಪ್ರಯತ್ನಕ್ಕೆ ಅವಕಾಶವಿಲ್ಲ. ದಾಳವನ್ನು ತೆಗೆದುಹಾಕಿ, ತನ್ನ ನಡವಳಿಕೆಯನ್ನೇ ಆ ಸ್ಥಾನದಲ್ಲಿಟ್ಟು ಇಂತಹದೇ ಪಟವೊಂದನ್ನು ಬರೆದುಕೊಂಡವನು ಬೆಂಜಮಿನ್ ಫ್ರಾಂಕ್ಲಿನ್. 1706ರಲ್ಲಿ ಬಾಸ್ಟನ್‌ನಲ್ಲಿ ಜನಿಸಿದ ಈತ ಮುಂದೆ ವಿಜ್ಞಾನಿಯಾಗಿಯೂ ರಾಜನೀತಿಜ್ಞನಾಗಿಯೂ ಪ್ರಸಿದ್ಧನಾದನು. ಆದರೆ ಯೌವನದಲ್ಲಿ ಆತ ಫಿಲಡೆಲ್ಫಿಯದಲ್ಲಿ ಮುದ್ರಣಾಲಯ ನಡೆಸುತ್ತಿದ್ದ ಸಣ್ಣ ಉದ್ಯಮಿ.

ತನ್ನನ್ನು ತಾನು ತಿದ್ದಿಕೊಳ್ಳಬೇಕೆಂದು ಆತ ಹದಿಮೂರು ಗುಣಗಳನ್ನು ಪಟ್ಟಿ ಮಾಡಿದನು. ಮಿತಾಹಾರ, ಮಿತಭಾಷಣ, ಅಚ್ಚುಕಟ್ಟು, ದೃಢಸಂಕಲ್ಪ, ಮಿತವ್ಯಯ, ಶ್ರಮ ಮುಂತಾದವು ಅದರಲ್ಲಿದ್ದವು. ಮೊದಲು ಪಟ್ಟಿಯಲ್ಲಿದ್ದುದು ಹನ್ನೆರಡೇ. ನಿನಗೆ ಗರ್ವ ಹೆಚ್ಚೆಂದು ಸ್ನೇಹಿತನೊಬ್ಬನು ಹೇಳಿದ ಮೇಲೆ ವಿನಯವನ್ನು ಹದಿಮೂರನೆಯದಾಗಿ ಸೇರಿಸಿದನು. ಒಂದು ಚಿಕ್ಕ ಪುಸ್ತಕದಲ್ಲಿ ಗುಣಕ್ಕೊಂದು ಪುಟ. ಪ್ರತಿ ಪುಟದಲ್ಲಿ ವಾರದ ಏಳು ದಿನಗಳಿಗೆ ಏಳು ಕಂಬಸಾಲು, ಹದಿಮೂರು ಗುಣಗಳಿಗೆ ಹದಿಮೂರು ಅಡ್ಡಸಾಲು. ಪ್ರತಿದಿನವೂ ತನ್ನನ್ನು ಪರೀಕ್ಷಿಸಿಕೊಂಡು, ತಪ್ಪಿದ್ದಲ್ಲಿ ಆಯಾ ಗುಣದ ಚೌಕದಲ್ಲಿ ಕಪ್ಪು ಚುಕ್ಕೆ ಇಡುವುದು. ವಾರಕ್ಕೆ ಒಂದೇ ಗುಣದ ಮೇಲೆ ವಿಶೇಷ ಗಮನ. ಆ ಸಾಲು ಚುಕ್ಕೆಯಿಲ್ಲದೆ ಉಳಿಯಬೇಕು. ಹದಿಮೂರು ವಾರಗಳಿಗೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಲೆಕ್ಕಪತ್ರ ಬಲ್ಲವರಿಗೆ ಇದು ತ್ರೈಮಾಸಿಕ ತಪಾಸಣೆಯಂತೆಯೇ ಕಾಣುತ್ತದೆ.

ಫಲಿತಾಂಶವನ್ನು ಆತ ಮುಚ್ಚಿಡಲಿಲ್ಲ. ತಾನು ಎಣಿಸಿದ್ದಕ್ಕಿಂತ ತನ್ನಲ್ಲಿ ದೋಷಗಳು ಬಹಳ ಹೆಚ್ಚಿದ್ದುದು ಕಂಡು ಅಚ್ಚರಿಯಾಯಿತೆಂದೂ, ಆದರೆ ಅವು ಕಡಿಮೆಯಾಗುತ್ತ ಬಂದುದನ್ನು ನೋಡುವ ತೃಪ್ತಿ ದೊರೆಯಿತೆಂದೂ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಪುಟಗಳೆಲ್ಲ ತೂತಾದವು. ಕೊನೆಗೆ ಒರಸಿ ಮತ್ತೆ ಬರೆಯಲು ಬರುವ ದಂತದ ಹಾಳೆಗಳಿಗೆ ಆ ಪಟ್ಟಿಯನ್ನು ವರ್ಗಾಯಿಸಿದನು. ಅಚ್ಚುಕಟ್ಟೆಂಬ ಗುಣ ಮಾತ್ರ ಆತನಿಗೆ ಕೊನೆಯವರೆಗೂ ಒಗ್ಗಲಿಲ್ಲ. ಇದನ್ನು ಹೇಳುವಾಗ ಆತ ಒಂದು ಕೊಡಲಿಯ ಕಥೆಯನ್ನು ನೆನೆಯುತ್ತಾನೆ. ಕೊಡಲಿಯ ಮೈಯೆಲ್ಲವೂ ಅಲಗಿನಂತೆಯೇ ಹೊಳೆಯಬೇಕೆಂದು ಒಬ್ಬ ಕಮ್ಮಾರನನ್ನು ಕೇಳಿದನಂತೆ. ಸಾಣೆಯ ಚಕ್ರವನ್ನು ನೀನೇ ತಿರುಗಿಸುವುದಾದರೆ ಆಗಲಿ ಎಂದನು ಕಮ್ಮಾರ. ಸ್ವಲ್ಪ ಹೊತ್ತು ತಿರುಗಿಸಿ ದಣಿದ ಗಿರಾಕಿ, ಕಲೆಯಿರುವ ಕೊಡಲಿಯೇ ತನಗೆ ಹೆಚ್ಚು ಇಷ್ಟವೆಂದು ಅದನ್ನು ಹಾಗೆಯೇ ಕೊಂಡುಹೋದನು. ಪರಿಪೂರ್ಣತೆ ತನಗೂ ಸಿಗಲಿಲ್ಲ. ಆದರೆ ಪ್ರಯತ್ನಿಸದಿದ್ದರೆ ಇರುತ್ತಿದ್ದುದಕ್ಕಿಂತ ಉತ್ತಮನೂ ಸುಖಿಯೂ ಆದೆನೆಂಬುದು ಇಳಿವಯಸ್ಸಿನಲ್ಲಿ ಫ್ರಾಂಕ್ಲಿನ್ ಕೊಟ್ಟ ತೀರ್ಪು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ಪುಸ್ತಕಕ್ಕೆ ಬಹುಮಾನವಿರಲಿಲ್ಲ, ದಂಡವಿರಲಿಲ್ಲ. ಬರೆಯುವವನೂ ಅವನೇ, ಓದುವವನೂ ಅವನೇ. ಸುಳ್ಳು ಬರೆದು ಲಾಭ ಪಡೆಯುವ ಸಂದರ್ಭವೇ ಅಲ್ಲಿರಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಆಟ ಮನಸ್ಸನ್ನು ಹಿಡಿಯುವ ಬಗೆ

ಇಂತಹ ಪಟ್ಟಿಗಳು ಏಕೆ ಕೆಲಸ ಮಾಡುತ್ತವೆ ಎಂಬುದನ್ನು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. ಅವುಗಳಲ್ಲಿ ಮೂರು ಸಂಗತಿಗಳು ನಮಗೆ ಮುಖ್ಯ.

ಮೊದಲನೆಯದು, ಆರಂಭದ ಮುಂಗಡ. ಜೋಸೆಫ್ ನ್ಯೂನ್ಸ್ ಮತ್ತು ಗ್ಸೇವಿಯರ್ ಡ್ರೇಜ್ ಎಂಬ ಇಬ್ಬರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಅಮೆರಿಕದ ಕಾರು ತೊಳೆಯುವ ಕೇಂದ್ರದಲ್ಲಿ ನಡೆದದ್ದು. ಕೆಲವು ಗಿರಾಕಿಗಳಿಗೆ ಎಂಟು ಮುದ್ರೆ ಬಿದ್ದರೆ ಒಂದು ತೊಳೆತ ಉಚಿತವೆಂಬ ಕಾರ್ಡು ಕೊಟ್ಟರು. ಉಳಿದವರಿಗೆ ಹತ್ತು ಮುದ್ರೆಗಳ ಕಾರ್ಡು ಕೊಟ್ಟು ಎರಡು ಮುದ್ರೆಯನ್ನು ಮೊದಲೇ ಒತ್ತಿದ್ದರು. ಇಬ್ಬರೂ ಬರಬೇಕಾದುದು ಎಂಟೇ ಸಲ. ಆದರೆ ಖಾಲಿ ಕಾರ್ಡು ಪಡೆದವರಲ್ಲಿ ಶೇ. 19ರಷ್ಟು ಮಂದಿ ಅದನ್ನು ಪೂರ್ಣಗೊಳಿಸಿದರೆ, ಎರಡು ಮುದ್ರೆಯಿದ್ದ ಕಾರ್ಡಿನವರಲ್ಲಿ ಶೇ. 34ರಷ್ಟು ಮಂದಿ ಪೂರ್ಣಗೊಳಿಸಿದರು. ಆಗಲೇ ಹೊರಟಾಗಿದೆ ಎಂಬ ಭಾವನೆಯೇ ಅವರನ್ನು ಮುಂದಕ್ಕೆ ಒಯ್ದಿತು. ನಮ್ಮಲ್ಲಿ ದಕ್ಷಿಣೆಗೆ, ಮುಯ್ಯಿಗೆ ಒಂದು ರೂಪಾಯಿ ಸೇರಿಸಿ ಕೊಡುವ ಪದ್ಧತಿಯೂ ಲೆಕ್ಕ ಮುಗಿಯಲಿಲ್ಲ, ಮುಂದುವರಿಯಿತು ಎಂದೇ ಅಲ್ಲವೆ ಸೂಚಿಸುವುದು?

ಎರಡನೆಯದು, ನಷ್ಟದ ಅಂಜಿಕೆ. ಬರುವ ನೂರು ರೂಪಾಯಿಯ ಸಂತೋಷಕ್ಕಿಂತ ಹೋಗುವ ನೂರು ರೂಪಾಯಿಯ ನೋವು ದೊಡ್ಡದೆಂಬುದನ್ನು ಡೇನಿಯಲ್ ಕಾಹ್ನಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲಿ ಸಿದ್ಧಾಂತವಾಗಿ ನಿರೂಪಿಸಿದರು. ಕಾಹ್ನಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ನಲವತ್ತು ದಿನ ಸತತವಾಗಿ ಗುರುತು ಹಾಕಿದವನಿಗೆ ನಲವತ್ತೊಂದನೆಯ ದಿನ ಅದು ಆಸ್ತಿಯಂತೆ ತೋರುತ್ತದೆ. ಕಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಆ್ಯಪ್‌ಗಳ ಸತತ ಸರಣಿಯ ಶಕ್ತಿ ಇರುವುದು ಇಲ್ಲಿಯೇ. ಅದರ ಅಪಾಯವೂ ಇಲ್ಲಿಯೇ ಇದೆ.

ಮೂರನೆಯದು, ಕಾಲಾವಧಿ. ಇಪ್ಪತ್ತೊಂದು ದಿನಗಳಲ್ಲಿ ಯಾವುದೇ ಅಭ್ಯಾಸ ಮೈಗೂಡುತ್ತದೆಂಬ ಮಾತು ಬಹಳ ಪ್ರಚಾರದಲ್ಲಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರಗಳ ಕಾಲ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂದ ಮಧ್ಯಮ ಅವಧಿ 66 ದಿನ. ವ್ಯಕ್ತಿ ಮತ್ತು ಅಭ್ಯಾಸಕ್ಕೆ ತಕ್ಕಂತೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗಬಹುದೆಂದು ಅವರ ಅಂದಾಜು. ಇನ್ನೂ ಮುಖ್ಯವಾದುದು, ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂತಹ ಧಕ್ಕೆಯಾಗಲಿಲ್ಲ. ಅಂದರೆ ಸರಣಿ ಕಡಿದರೆ ಎಲ್ಲವೂ ಹೋಯಿತೆಂದು ಆ್ಯಪ್ ಹೇಳಬಹುದು, ದೇಹ ಮನಸ್ಸುಗಳು ಹಾಗೆ ಹೇಳುವುದಿಲ್ಲ.

ನನ್ನ ಕಚೇರಿಯ ಫಲಕ

ಈಗ ನನ್ನ ತಪ್ಪಿನ ಕಥೆ. ಇಂತಹ ವಿಷಯಗಳನ್ನು ಓದಿ ಉತ್ಸಾಹಗೊಂಡು 2023ರ ಮೇ ತಿಂಗಳ ನಾಲ್ಕನೆಯ ವಾರ ನನ್ನ ಕಚೇರಿಯ ಗೋಡೆಗೆ ಒಂದು ಬಿಳಿಯ ಫಲಕವನ್ನು ತೂಗುಹಾಕಿದೆ. ಅದರಲ್ಲಿ ಸಹಾಯಕರೆಲ್ಲರ ಹೆಸರುಗಳು. ತಪ್ಪಿಲ್ಲದೆ ಕೆಲಸ ಮುಗಿದ ದಿನ ಹಸಿರು ಚುಕ್ಕೆ; ತಪ್ಪು ಕಂಡ ದಿನ ಕೆಂಪು ಚುಕ್ಕೆ, ಮತ್ತು ಎಣಿಕೆ ಮರಳಿ ಒಂದರಿಂದ ಆರಂಭ. ಸತತ ಐವತ್ತು ಹಸಿರು ಚುಕ್ಕೆ ಪಡೆದವರಿಗೆ ಒಂದು ಕೈಗಡಿಯಾರ. ಮೊದಲ ತಿಂಗಳು ಕಚೇರಿಯ ಕಳೆಯೇ ಬದಲಾಯಿತು. ಯಾರೂ ತಡವಾಗಿ ಬರುತ್ತಿರಲಿಲ್ಲ, ಕಡತಗಳು ಮೇಜಿನ ಮೇಲೆ ರಾಶಿಯಾಗುತ್ತಿರಲಿಲ್ಲ. ನಾನು ಹೆಮ್ಮೆಯಿಂದ ಇಬ್ಬರು ಸಹೋದ್ಯೋಗಿಗಳಿಗೆ ಆ ಫಲಕವನ್ನು ತೋರಿಸಿಯೂ ಇದ್ದೆ.

ಜುಲೈ ತಿಂಗಳಲ್ಲಿ ನಮ್ಮ ಆರ್ಟಿಕಲ್ ಸಹಾಯಕನೊಬ್ಬ, ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಕಕ್ಷಿದಾರರೊಬ್ಬರ ಜೂನ್ ತಿಂಗಳ ಜಿಎಸ್‌ಟಿಆರ್-1 ವಿವರಣಪತ್ರವನ್ನು ಸಿದ್ಧಪಡಿಸುವಾಗ, 6,80,000 ರೂಪಾಯಿಯ ಒಂದು ಬಿಲ್ಲನ್ನು ಬೇರೊಬ್ಬ ಖರೀದಿದಾರನ ನೋಂದಣಿ ಸಂಖ್ಯೆಗೆ ಸೇರಿಸಿಬಿಟ್ಟನು. ಮೂರು ದಿನಗಳಲ್ಲಿ ಅದು ಅವನ ಗಮನಕ್ಕೇ ಬಂತು. ವಾಚಕರಲ್ಲಿ ಬಹುತೇಕರಿಗೆ ತಿಳಿದಿರುವಂತೆ ಇದು ಸರಿಪಡಿಸಲಾಗದ ತಪ್ಪೇನಲ್ಲ. ಮುಂದಿನ ತಿಂಗಳ ವಿವರಣಪತ್ರದಲ್ಲಿ ತಿದ್ದುಪಡಿಗೆ ಅವಕಾಶವಿದೆ. ನನಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಅವನ ಹೆಸರಿನ ಮುಂದೆ ಆಗ ನಲವತ್ತನಾಲ್ಕು ಹಸಿರು ಚುಕ್ಕೆಗಳಿದ್ದವು. ಐವತ್ತಾದ ಮೇಲೆ ಸದ್ದಿಲ್ಲದೆ ಸರಿಪಡಿಸಿದರಾಯಿತೆಂದು ಅವನು ಸುಮ್ಮನಿದ್ದನು. ಐವತ್ತಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೇ ಕೈಗಡಿಯಾರವನ್ನು ಅವನ ಕೈಗೆ ಕಟ್ಟಿದೆ. ಬಹುಮಾನ ಪಡೆದ ಮೇಲೆ ಹೇಳಲು ನಾಚಿಕೆ ಮತ್ತಷ್ಟು ಹೆಚ್ಚಿತು. ಆಗಸ್ಟಿನ ವಿವರಣಪತ್ರವೂ ತಿದ್ದುಪಡಿಯಿಲ್ಲದೆ ಹೋಯಿತು.

ಸರಬರಾಜುದಾರನ ವಿವರಣಪತ್ರದಲ್ಲಿ ಕಾಣದ ಬಿಲ್ಲಿಗೆ ಖರೀದಿದಾರನಿಗೆ ತೆರಿಗೆ ಜಮೆ ಸಿಗುವುದಿಲ್ಲ. ಶೇ. 18ರಂತೆ ಆ ಬಿಲ್ಲಿನ ತೆರಿಗೆ 1,22,400 ರೂಪಾಯಿ. ಖರೀದಿಸಿದ ಕಂಪನಿ ಆಗಸ್ಟ್ ಕೊನೆಯಲ್ಲಿ ತೆರಿಗೆಯನ್ನಷ್ಟೇ ಅಲ್ಲ, 8,02,400 ರೂಪಾಯಿಯ ಇಡೀ ಪಾವತಿಯನ್ನೇ ತಡೆಹಿಡಿಯಿತು. ಆ ಕಕ್ಷಿದಾರರ ಘಟಕದಲ್ಲಿದ್ದವರು ಹದಿನಾಲ್ಕು ಕಾರ್ಮಿಕರು. ಆ ತಿಂಗಳು ಅವರ ಸಂಬಳ ಒಂಬತ್ತು ದಿನ ತಡವಾಯಿತು. ‘ಆಡಿಟರೇ, ಬ್ಯಾಂಕಿನವರಿಗೆ ಉತ್ತರ ಹೇಳಬಲ್ಲೆ. ಹುಡುಗರ ಮುಖ ನೋಡಿ ಹೇಗೆ ಹೇಳಲಿ?’ ಎಂದು ಆ ಉದ್ಯಮಿ ಕೇಳಿದಾಗ ನನ್ನಲ್ಲಿ ಮಾತಿರಲಿಲ್ಲ.

ಸಹಾಯಕನನ್ನು ಕರೆದು ಕೇಳಿದೆ. ಅವನು ತಲೆ ತಗ್ಗಿಸಿ, ‘ಸರ್, ಅವತ್ತೇ ಹೇಳಿದ್ದರೆ ನಲವತ್ತನಾಲ್ಕು ದಿನ ಹೋಗಿಬಿಡುತ್ತಿತ್ತು’ ಎಂದನು. ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟನು. ನಾನು ಬೈಯಲು ಕರೆದವನು ಬೈಯಲಿಲ್ಲ. ಅವನು ಮುಚ್ಚಿಟ್ಟದ್ದು ತಪ್ಪೇ ಸರಿ. ಆದರೆ ತಪ್ಪನ್ನು ಒಪ್ಪಿಕೊಂಡವನಿಗೆ ನಷ್ಟ, ಮುಚ್ಚಿಟ್ಟವನಿಗೆ ಬಹುಮಾನ ಎಂಬ ನಿಯಮವನ್ನು ಗೋಡೆಗೆ ತೂಗುಹಾಕಿದವನು ನಾನು. ಇಷ್ಟು ವರ್ಷ ಬೇರೆಯವರ ಲೆಕ್ಕಗಳಲ್ಲಿ ಆಂತರಿಕ ನಿಯಂತ್ರಣದ ಲೋಪಗಳನ್ನು ಬರೆದವನಿಗೆ ಸ್ವಂತ ಕಚೇರಿಯ ಲೋಪ ಕಾಣಲಿಲ್ಲ. ಸೆಪ್ಟೆಂಬರಿನಲ್ಲಿ ತಿದ್ದುಪಡಿ ಸಲ್ಲಿಸಿದೆವು, ಪಾವತಿಯೂ ಬಂತು. ಆದರೆ ಹನ್ನೊಂದು ವರ್ಷಗಳಿಂದ ನಮ್ಮಲ್ಲಿದ್ದ ಆ ಉದ್ಯಮಿ ಮರುವರ್ಷ ತಮ್ಮ ಲೆಕ್ಕಪತ್ರಗಳನ್ನು ಬೇರೊಬ್ಬರಿಗೆ ಒಪ್ಪಿಸಿದರು. ಅವರದು ತಪ್ಪೆಂದು ನಾನು ಹೇಳಲಾರೆ.

ಬಹುಮಾನ, ದಂಡ ಮತ್ತು ಅಂಕಿಯ ಮೋಹ

ನನಗಾದುದು ಚಿಕ್ಕ ಪ್ರಮಾಣದ್ದು. ಇದೇ ರೋಗ ದೊಡ್ಡ ಸಂಸ್ಥೆಗಳಿಗೂ ತಗಲಿದೆ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಪ್ರತಿ ಗ್ರಾಹಕನಿಗೂ ಹೆಚ್ಚು ಹೆಚ್ಚು ಖಾತೆಗಳನ್ನು ಮಾರಬೇಕೆಂದು ನೌಕರರಿಗೆ ಗುರಿ ವಿಧಿಸಿತ್ತು. ಗುರಿ ಮುಟ್ಟಲು ನೌಕರರು ಗ್ರಾಹಕರಿಗೆ ತಿಳಿಯದಂತೆ ಲಕ್ಷಗಟ್ಟಲೆ ಖಾತೆಗಳನ್ನು ತೆರೆದರು. 2016ರ ಸೆಪ್ಟೆಂಬರಿನಲ್ಲಿ ನಿಯಂತ್ರಕರು 18.5 ಕೋಟಿ ಡಾಲರ್ ದಂಡ ವಿಧಿಸಿದರು. ಆ ವೇಳೆಗೆ ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. ನಮ್ಮ ಸುತ್ತಲಿನ ವ್ಯಾಪಾರದಲ್ಲೂ ಇದರ ಛಾಯೆಯಿದೆ. ಕಂಪನಿಯ ಸ್ಕೀಮಿನಲ್ಲಿ ಮೇಲಿನ ಸ್ಲ್ಯಾಬ್ ಮುಟ್ಟಿದರೆ ವಿದೇಶ ಪ್ರವಾಸ ಎಂದು ತ್ರೈಮಾಸಿಕದ ಕೊನೆಯ ವಾರ ಬೇಡದ ಸರಕನ್ನು ಗೋದಾಮಿಗೆ ತುಂಬಿಸಿಕೊಂಡು, ಆಮೇಲೆ ಅದಕ್ಕೆ ಬಡ್ಡಿ ತೆತ್ತ ವಿತರಕರನ್ನು ನಾವೆಲ್ಲರೂ ಬಲ್ಲೆವು.

ಬಹುಮಾನವು ಆಸಕ್ತಿಯನ್ನೇ ತಿಂದುಹಾಕುವುದುಂಟು. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರ ಬರೆಯುವುದರಲ್ಲಿ ಸಹಜ ಆಸಕ್ತಿಯಿದ್ದ ಶಿಶುವಿಹಾರದ ಕೆಲವು ಮಕ್ಕಳಿಗೆ ಚಿತ್ರ ಬರೆದರೆ ಪ್ರಶಸ್ತಿ ಕೊಡುವುದಾಗಿ ಮೊದಲೇ ಹೇಳಿ ಕೊಟ್ಟರು. ಕೆಲವು ದಿನಗಳ ನಂತರ, ಪ್ರಶಸ್ತಿಯ ಮಾತೇ ಇಲ್ಲದಾಗ, ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆದರು. ದಂಡವೂ ಹಾಗೆಯೇ ತಿರುಗಿ ಬೀಳಬಹುದು. ಇಸ್ರೇಲಿನ ಹೈಫಾ ನಗರದ ಶಿಶುಪಾಲನಾ ಕೇಂದ್ರಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ವಿಧಿಸಿದಾಗ ತಡವಾಗಿ ಬರುವವರ ಸಂಖ್ಯೆ ಹೆಚ್ಚಿತೆಂದು ನೀಜಿ ಮತ್ತು ರುಸ್ಟಿಕಿನಿ 2000ದಲ್ಲಿ ವರದಿ ಮಾಡಿದರು. ಮೊದಲು ಸಂಕೋಚವಿತ್ತು, ಈಗ ದುಡ್ಡು ಕೊಟ್ಟಾಗಿದೆಯಲ್ಲ ಎಂಬ ಸಮಾಧಾನ ಬಂತು. ದಂಡವನ್ನು ತೆಗೆದುಹಾಕಿದ ಮೇಲೂ ಹಳೆಯ ಸಂಕೋಚ ಮರಳಲಿಲ್ಲ. ತಡವಾಗಿ ಬರುವ ಕೆಲಸಗಾರರಿಗೆ ದಂಡ ಹಾಕುವ ಮಾಲೀಕರು ಇದನ್ನು ಯೋಚಿಸತಕ್ಕದ್ದು.

ಇನ್ನು ಅಂಕಿಯ ವಿಷಯ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆಂಬ ಗುರಿ ವೈದ್ಯಶಾಸ್ತ್ರದಿಂದ ಬಂದುದೆಂದು ನಾನು ಬಹುಕಾಲ ನಂಬಿದ್ದೆ. ಅದು ಬಂದುದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ. ‘ಮಾನ್ಪೊ-ಕೆ’ ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದರ್ಥ. 2019ರಲ್ಲಿ ಪ್ರಕಟವಾದ, ಸರಾಸರಿ 72 ವರ್ಷದ 16,741 ಮಹಿಳೆಯರ ಅಧ್ಯಯನವೊಂದರಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ, 2,700 ಹೆಜ್ಜೆ ನಡೆದವರಿಗಿಂತ ಮರಣದ ಪ್ರಮಾಣ ಕಡಿಮೆಯಿತ್ತು. ಸುಮಾರು 7,500ರ ಆಚೆಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಹತ್ತು ಸಾವಿರ ನಡೆಯುವುದು ಕೆಟ್ಟದ್ದೆಂದು ಇದರ ಅರ್ಥವಲ್ಲ. ಒಂಬತ್ತು ಸಾವಿರ ನಡೆದವನು ಸೋತೆನೆಂದು ಕೊರಗಬೇಕಾಗಿಲ್ಲ, ಅಷ್ಟೇ. ಗುರಿಯ ಅಂಕಿಯನ್ನು ಯಾರು, ಯಾವ ಕಾರಣಕ್ಕೆ ಇಟ್ಟರೆಂದು ಕೇಳುವುದು ಲೆಕ್ಕ ನೋಡುವವರೆಲ್ಲರ ಮೊದಲ ಕರ್ತವ್ಯ.

ಒಂದು ಹಾರ್ಡ್‌ವೇರ್ ಅಂಗಡಿಯ ಹಾಳೆ

ಇಷ್ಟಾದರೂ ನಾನು ಈ ವಿಧಾನವನ್ನು ಕೈಬಿಡಲಿಲ್ಲ. ಫ್ರಾಂಕ್ಲಿನ್ನನ ಪುಸ್ತಕಕ್ಕೂ ನನ್ನ ಫಲಕಕ್ಕೂ ಇದ್ದ ಅಂತರವನ್ನು ಗಮನಿಸಿ, 2024ರಲ್ಲಿ ಅದನ್ನು ಬೇರೆ ರೀತಿಯಲ್ಲಿ ಪ್ರಯತ್ನಿಸಿದೆ. ನಮ್ಮ ಹಾರ್ಡ್‌ವೇರ್ ವರ್ತಕರೊಬ್ಬರಿಗೆ ರಾತ್ರಿ ಗಲ್ಲಾಪೆಟ್ಟಿಗೆ ಎಣಿಸಿ ಕಿರ್ದಿಗೆ ತಾಳೆ ನೋಡುವ ಅಭ್ಯಾಸವಿರಲಿಲ್ಲ. ವರ್ಷದ ಕೊನೆಯಲ್ಲಿ ಉದ್ರಿಯ ಲೆಕ್ಕ ಎಂದೂ ಹೊಂದುತ್ತಿರಲಿಲ್ಲ. ಕೇಳಿದರೆ, ‘ರಾತ್ರಿ ಒಂಬತ್ತಕ್ಕೆ ಷಟರ್ ಎಳೆಯುವ ಹೊತ್ತಿಗೆ ಮೈಯಲ್ಲಿ ಏನು ಉಳಿದಿರುತ್ತೆ ಆಡಿಟರೇ?’ ಎನ್ನುತ್ತಿದ್ದರು.

ಅವರಿಗೆ ಮೂವತ್ತು ಚೌಕಗಳ ಒಂದು ಹಾಳೆಯನ್ನು ಬರೆದುಕೊಟ್ಟೆ. ಹೊಸ ಕಿರ್ದಿ ಪುಸ್ತಕ ಕೊಂಡದ್ದಕ್ಕೆ ಒಂದು ಚೌಕ, ಮೊದಲ ರಾತ್ರಿ ನಾನೂ ಜೊತೆಗೆ ಕುಳಿತು ಎಣಿಸಿದ್ದಕ್ಕೆ ಒಂದು ಚೌಕ. ಹೀಗೆ ಎರಡು ಗುರುತು ಮೊದಲೇ ಬಿತ್ತು. ಕೆಲಸ ಎರಡೇ: ನಗದು ಎಣಿಸುವುದು, ಅಂದಿನ ಉದ್ರಿಯ ಹೆಸರುಗಳನ್ನು ಬರೆಯುವುದು. ತಾಳೆಯಾಗದಿದ್ದರೂ ಚೌಕಕ್ಕೆ ಗುರುತುಂಟು, ವ್ಯತ್ಯಾಸದ ಮೊತ್ತವನ್ನು ಬರೆದರೆ ಸಾಕು. ತಪ್ಪಿದ ದಿನಕ್ಕೆ ದಂಡವಿಲ್ಲ. ಆ ಚೌಕ ಖಾಲಿ, ಮರುದಿನ ಮುಂದಿನ ಚೌಕ. ಹಾಳೆಯನ್ನು ನನಗೂ ತೋರಿಸಬೇಕಾಗಿಲ್ಲವೆಂದು ಹೇಳಿದೆ.

ಎರಡನೆಯ ಹಾಳೆಯ ನಡುವೆ ಅವರೇ ಫೋನ್ ಮಾಡಿದರು. ಬರೆದಿಟ್ಟ ವ್ಯತ್ಯಾಸಗಳಲ್ಲಿ ದೊಡ್ಡವೆಲ್ಲ ಶನಿವಾರದವು. ಶನಿವಾರ ಸಂಜೆಯ ಗಡಿಬಿಡಿಯಲ್ಲಿ ಮೇಸ್ತ್ರಿಗಳು ಚೀಟಿಯಿಲ್ಲದೆ ಸಾಮಾನು ಒಯ್ಯುತ್ತಿದ್ದರು. ಕೊಟ್ಟವರಿಗೆ ನೆನಪಿರುತ್ತಿತ್ತು, ಪುಸ್ತಕಕ್ಕೆ ಬರುತ್ತಿರಲಿಲ್ಲ. ಯಾರ ವಂಚನೆಯೂ ಅದರಲ್ಲಿರಲಿಲ್ಲ. ವ್ಯತ್ಯಾಸವನ್ನು ಬರೆದವನಿಗೂ ಗುರುತು ಸಿಗುತ್ತಿದ್ದುದರಿಂದಲೇ ಆ ಸತ್ಯ ಹೊರಬಂತೆಂಬುದನ್ನು ಓದುಗರು ಗಮನಿಸಬೇಕು. ತಾಳೆಯಾದರೆ ಮಾತ್ರ ಗುರುತು ಎಂದಿದ್ದರೆ, ಪ್ರತಿ ಶನಿವಾರವೂ ಜೇಬಿನಿಂದ ಹಣ ಹಾಕಿ ತಾಳೆ ಮಾಡುವ ಮನಸ್ಸು ಬಂದೀತು. ನಾಲ್ಕನೆಯ ಹಾಳೆಯ ನಂತರ ಅವರು ಗುರುತು ಹಾಕುವುದನ್ನು ನಿಲ್ಲಿಸಿದರು. ಎಣಿಸುವುದನ್ನು ನಿಲ್ಲಿಸಲಿಲ್ಲ.

ಅನುಸರಿಸಬಹುದಾದ ಕೆಲವು ನಿಯಮಗಳು

ಮೇಲಿನ ಅನುಭವಗಳ ಹಿನ್ನೆಲೆಯಲ್ಲಿ ನಮ್ಮ ವರ್ತಕ ಹಾಗೂ ಉದ್ಯಮಿ ಬಾಂಧವರ ಮುಂದೆ ಈ ಕೆಲವು ಸಲಹೆಗಳನ್ನಿಡುತ್ತೇನೆ.

1. ಫಲವನ್ನಲ್ಲ, ಕ್ರಿಯೆಯನ್ನು ಎಣಿಸಿರಿ. ವಸೂಲಾದ ಮೊತ್ತ ನಮ್ಮ ಕೈಯಲ್ಲಿಲ್ಲ. ದಿನಕ್ಕೆ ಮೂವರು ಬಾಕಿದಾರರಿಗೆ ಫೋನ್ ಮಾಡುವುದು ನಮ್ಮ ಕೈಯಲ್ಲಿದೆ. ತೂಕ ಇಳಿಯುವುದು ನಮ್ಮ ಕೈಯಲ್ಲಿಲ್ಲ. ಬೆಳಗ್ಗೆ ಅರ್ಧ ಗಂಟೆ ನಡೆಯುವುದು ನಮ್ಮ ಕೈಯಲ್ಲಿದೆ.

2. ಒಮ್ಮೆಗೆ ಒಂದೇ ಅಭ್ಯಾಸ. ಹದಿಮೂರು ಗುಣಗಳ ಪಟ್ಟಿಯಿದ್ದ ಫ್ರಾಂಕ್ಲಿನ್ನನೂ ವಾರಕ್ಕೆ ಒಂದರ ಮೇಲೆಯೇ ವಿಶೇಷ ಗಮನವಿಟ್ಟನು.

3. ಅತ್ಯಂತ ಕಷ್ಟದ ದಿನದಲ್ಲೂ ಮಾಡಲು ಸಾಧ್ಯವಾಗುವಷ್ಟು ಚಿಕ್ಕದನ್ನು ಆರಿಸಿಕೊಳ್ಳಿರಿ. ಮನೆಯಲ್ಲಿ ಮದುವೆಯಿದ್ದ ದಿನ ಆಗದಂತಹದು ಬಹುದಿನ ನಡೆಯಲಾರದು.

4. ರಜೆಯನ್ನು ಮೊದಲೇ ಬರೆದಿಡಿರಿ. ಒಂದು ದಿನ ತಪ್ಪಿದರೆ ತಪ್ಪಲಿ. ಸತತ ಎರಡು ದಿನ ತಪ್ಪದಂತೆ ನೋಡಿಕೊಂಡರೆ ಸಾಕು. ಎಣಿಕೆಯನ್ನು ಎಂದೂ ಮರಳಿ ಸೊನ್ನೆಗೆ ತರಬೇಡಿರಿ.

5. ಹಣವನ್ನಾಗಲಿ ಬೆಲೆಬಾಳುವ ವಸ್ತುವನ್ನಾಗಲಿ ಬಹುಮಾನವಾಗಿ ಇಡಬೇಡಿರಿ. ಬಹುಮಾನ ದೊಡ್ಡದಾದಷ್ಟೂ ಲೆಕ್ಕ ತಿದ್ದುವ ಆಸೆ ದೊಡ್ಡದಾಗುತ್ತದೆ.

6. ನೌಕರರಿಗೆ ಇದನ್ನು ಹೇರಬೇಡಿರಿ, ಒಬ್ಬರನ್ನೊಬ್ಬರೊಡನೆ ಹೋಲಿಸಬೇಡಿರಿ. ಎಣಿಸಲೇಬೇಕಾದರೆ, ತಪ್ಪಿಲ್ಲದ ದಿನಗಳನ್ನಲ್ಲ, ತಾವಾಗಿ ಬೆಳಕಿಗೆ ತಂದ ತಪ್ಪುಗಳನ್ನು ಎಣಿಸಿರಿ.

7. ಮೂರು ತಿಂಗಳಿಗೊಮ್ಮೆ ಹಾಳೆಯನ್ನೇ ತಪಾಸಣೆಗೆ ಒಳಪಡಿಸಿರಿ. ಅಭ್ಯಾಸ ಮೈಗೂಡಿದ್ದರೆ ಆ ಖಾತೆಯನ್ನು ಮುಕ್ತಾಯ ಮಾಡಿ ಇನ್ನೊಂದನ್ನು ತೆರೆಯಿರಿ. ಎಣಿಕೆ ಊರುಗೋಲು, ಕಾಲು ಗಟ್ಟಿಯಾದ ಮೇಲೆ ಅದನ್ನು ಮೂಲೆಗೆ ಇಡಬೇಕು.

ಆ್ಯಪ್ ಬೇಕೆ, ಕಾಗದ ಸಾಕೆ ಎಂದು ಕೆಲವರು ಕೇಳುತ್ತಾರೆ. ಎರಡೂ ಆದೀತು. ಆದರೆ ಆ್ಯಪ್ ನಡೆಸುವವರಿಗೆ ನಾವು ದಿನವೂ ಅದನ್ನು ತೆರೆಯುವುದರಿಂದ ಲಾಭವುಂಟು, ಅದರಿಂದ ಬಿಡುಗಡೆ ಹೊಂದುವುದರಿಂದ ಲಾಭವಿಲ್ಲ. ಗೋಡೆಯ ಕ್ಯಾಲೆಂಡರಿಗೆ ಅಂತಹ ಹಿತಾಸಕ್ತಿ ಯಾವುದೂ ಇಲ್ಲ.

ನಮ್ಮ ಕಚೇರಿಯ ಬಿಳಿ ಫಲಕ ಈಗಲೂ ಅದೇ ಗೋಡೆಯ ಮೇಲಿದೆ. ಅದರಲ್ಲಿ ಈಗ ಹೆಸರುಗಳಿಲ್ಲ. ‘ಈ ತಿಂಗಳು ನಾವೇ ಕಂಡುಹಿಡಿದ ತಪ್ಪುಗಳು’ ಎಂಬ ಒಂದು ಸಾಲು, ಅದರ ಕೆಳಗೆ ಒಂದು ಅಂಕಿ. ಮೊದಲ ಗುರುತು ಹಾಕಿದವನು ನಾನೇ. ಆ ತಪ್ಪೂ ನನ್ನದೇ. ಮರುದಿನ ಬೆಳಗ್ಗೆ ನೋಡಿದರೆ ಅದರ ಪಕ್ಕದಲ್ಲಿ ಎರಡನೆಯ ಗುರುತು ಬಿದ್ದಿತ್ತು. ಯಾರು ಹಾಕಿದರೆಂದು ನಾನು ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಸಹಾಯಕನೇ ಕಡತವೊಂದನ್ನು ಹಿಡಿದು ನನ್ನ ಕೋಣೆಗೆ ಬಂದನು. ‘ಸರ್, ಇದರಲ್ಲಿ ಒಂದು ತಪ್ಪಾಗಿದೆ, ನಾಳೆಯೊಳಗೆ ಸರಿಮಾಡಬಹುದು’ ಎಂದನು. ಕೈಗಡಿಯಾರ ಕೊಟ್ಟ ದಿನಕ್ಕಿಂತ ಅಂದು ನನಗೆ ಹೆಚ್ಚು ಸಮಾಧಾನವಾಯಿತು.